ಸಾಗರದಾಚೆಯ ರಾಜ್ಯ ಕಚೇರಿ: ತೆರೆಯುವ ಮುನ್ನ ಕೆಲವು ಮಾತು

ಬಂಡವಾಳ ಹೂಡಿಕೆದಾರರ ಸಮಾವೇಶವೊಂದು ಮುಗಿದಾಗಲೆಲ್ಲ ನಮ್ಮ ಉದ್ಯಮಿಗಳ ಸಭೆಗಳಲ್ಲಿ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ಟೋಕಿಯೋದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಕರ್ನಾಟಕದ್ದೇ ಆದ ಸುಸಜ್ಜಿತ ಕಚೇರಿಯೊಂದು ಇರಬೇಕು ಎಂಬುದೇ ಆ ಸಲಹೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶದ ಕೊನೆಯಲ್ಲಿ 10.27 ಲಕ್ಷ ಕೋಟಿ ರೂಪಾಯಿಗಳ ಹೂಡಿಕೆಯ ಭರವಸೆ ದೊರೆತಿದೆಯೆಂದು ಸರ್ಕಾರ ಪ್ರಕಟಿಸಿದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಭರವಸೆ ಕೊಟ್ಟವರ ಊರಿನಲ್ಲೇ ನಮ್ಮವರೊಬ್ಬರಿದ್ದರೆ ಬೆನ್ನು ಹತ್ತಿ ಕೆಲಸ ಮಾಡಿಸಿಕೊಳ್ಳಬಹುದಲ್ಲವೇ ಎಂಬುದು ವಾದ. ವಾದದಲ್ಲಿ ದೋಷವಿಲ್ಲ. ಆದರೆ ಹಾಗೆ ಕುಳಿತವರು ದಿನಬೆಳಗಾದರೆ ಮಾಡಬೇಕಾದ ಕೆಲಸವೇನು, ಆ ಕೆಲಸ ನಡೆಯುತ್ತಿದೆಯೆಂದು ಇಲ್ಲಿರುವ ನಾವು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

ಈ ಪ್ರಯೋಗವನ್ನು ಅರ್ಧ ಶತಮಾನಕ್ಕೂ ಮೀರಿ ನಡೆಸಿ, ಲಾಭವನ್ನೂ ಮುಖಭಂಗವನ್ನೂ ಉಂಡವರು ಅಮೆರಿಕದ ರಾಜ್ಯಗಳು. ಪ್ರಯೋಗದ ಮುಖ್ಯ ರಂಗಸ್ಥಳ ಜಪಾನ್. ಅವರ ಕಥೆಯನ್ನು ನಮ್ಮ ಸದಸ್ಯರು ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನ.

ಅಮೆರಿಕ ಮತ್ತು ಜಪಾನ್‌ಗಳ ನಡುವಣ ರಕ್ಷಣಾ ಒಪ್ಪಂದ 1960ರದು. ಮಿತ್ರರಾಷ್ಟ್ರಗಳೆಂಬ ಮಾತ್ರಕ್ಕೆ ವ್ಯಾಪಾರದಲ್ಲಿ ಅವರು ಜಗಳವಾಡಲಿಲ್ಲವೆಂದಲ್ಲ. ಜವಳಿ, ಉಕ್ಕು, ಟೆಲಿವಿಷನ್, ಮೋಟಾರು ಕಾರು, ಹೀಗೆ ಒಂದೊಂದು ದಶಕಕ್ಕೆ ಒಂದೊಂದು ವ್ಯಾಜ್ಯ. 1981ರಲ್ಲಿ ಜಪಾನ್ ತಾನಾಗಿಯೇ ಅಮೆರಿಕಕ್ಕೆ ಕಳುಹಿಸುವ ಕಾರುಗಳನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಗೊಳಿಸಲು ಒಪ್ಪಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಜಪಾನಿ ವಸ್ತುಗಳ ವಿರುದ್ಧ ಭಾಷಣಗಳು ನಡೆಯುತ್ತಿದ್ದ ದಿನಗಳಲ್ಲೇ ಟೋಕಿಯೋದ ಬಹುಮಹಡಿ ಕಟ್ಟಡಗಳಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಕುಳಿತ ಅಮೆರಿಕದ ರಾಜ್ಯ ಪ್ರತಿನಿಧಿಗಳು ಜಪಾನಿ ಕಂಪನಿಗಳಿಗೆ ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆ ಕೊಡುತ್ತಿದ್ದರು. ಒಂದೇ ದೇಶದ ಎರಡು ದನಿ ಎನ್ನಬಹುದು. ಆದರೆ ಎರಡನೆಯ ದನಿಯೇ ಕೊನೆಗೆ ಹೆಚ್ಚು ದೂರ ಕೇಳಿಸಿತು. 2019ರ ವೇಳೆಗೆ ಜಪಾನ್, ಅಮೆರಿಕದಲ್ಲಿ ಅತಿ ಹೆಚ್ಚು ನೇರ ಬಂಡವಾಳ ತೊಡಗಿಸಿದ ದೇಶವಾಗಿ ಮೊದಲ ಸ್ಥಾನಕ್ಕೆ ಬಂದು, ಮುಂದಿನ ವರ್ಷಗಳಲ್ಲೂ ಅದನ್ನು ಉಳಿಸಿಕೊಂಡಿತು.

ರಾಯಭಾರ ಕಚೇರಿಯೊಂದು ಇರುವಾಗ ರಾಜ್ಯಕ್ಕೆ ಪ್ರತ್ಯೇಕ ಕಚೇರಿ ಏಕೆ ಬೇಕು? ಉತ್ತರ ಸರಳವಾಗಿದೆ. ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಐವತ್ತು ರಾಜ್ಯಗಳೂ ಸಮಾನ. ಕಾರ್ಖಾನೆ ಕಟ್ಟಲು ಬಯಸುವ ಕಂಪನಿಗೆ ಅದು ‘ಕೆಂಟಕಿಗಿಂತ ಟೆನೆಸ್ಸಿ ಲೇಸು’ ಎಂದು ಹೇಳುವಂತಿಲ್ಲ. ಕಂಪನಿಗೆ ಬೇಕಾದದ್ದೋ ಸರಿಯಾಗಿ ಅಂಥದೇ ಮಾತು: ಯಾವ ಜಿಲ್ಲೆ, ಯಾವ ರೈಲುಮಾರ್ಗದ ಪಕ್ಕ, ವಿದ್ಯುತ್ತಿನ ದರವೆಷ್ಟು, ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ, ಕಾರ್ಮಿಕ ಸಂಘಗಳ ಕಾನೂನು ಹೇಗಿದೆ. ಮಕ್ಕಳಿಗೆ ಶನಿವಾರ ಜಪಾನಿ ಪಾಠ ಹೇಳುವ ಶಾಲೆ ಇದೆಯೇ ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಐದು ವರ್ಷಕ್ಕೆಂದು ಸಂಸಾರಸಮೇತ ಹೊರಡುವ ಎಂಜಿನಿಯರನ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಅದೇ.

ಜಾರ್ಜಿಯಾ ರಾಜ್ಯ 1973ರಲ್ಲೇ ಟೋಕಿಯೋದಲ್ಲಿ ಕಚೇರಿ ತೆರೆಯಿತು. ಆಗ ಅಲ್ಲಿನ ಗವರ್ನರ್ ಜಿಮ್ಮಿ ಕಾರ್ಟರ್. (ಅಮೆರಿಕದ ಗವರ್ನರ್ ಹುದ್ದೆ ನಮ್ಮ ಮುಖ್ಯಮಂತ್ರಿಯ ಹುದ್ದೆಗೆ ಸಮಾನವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.) ಮರುವರ್ಷ ಜಿಪ್ ತಯಾರಿಕೆಯ ವೈಕೆಕೆ ಕಂಪನಿ ಆ ರಾಜ್ಯದ ಮೇಕನ್ ಪಟ್ಟಣದಲ್ಲಿ ಕಾರ್ಖಾನೆ ಆರಂಭಿಸಿತು. ಇದೇ ಕಾರ್ಟರ್ 1979ರಲ್ಲಿ ರಾಷ್ಟ್ರಾಧ್ಯಕ್ಷರಾಗಿ ರಾಜ್ಯಗಳ ಗವರ್ನರುಗಳಿಗೆ ಕೊಟ್ಟ ಸಲಹೆ ಪ್ರಸಿದ್ಧವಾಗಿದೆ: ಜಪಾನೀಯರು ಇಲ್ಲಿ ಮಾರುವುದನ್ನು ಇಲ್ಲೇ ತಯಾರಿಸುವಂತೆ ಹೋಗಿ ಮನವೊಲಿಸಿ. ಆ ಮಾತು ಕೇಳಿ ಹೊರಟವರಲ್ಲಿ ಟೆನೆಸ್ಸಿಯ ಹೊಸ ಗವರ್ನರ್ ಲಮಾರ್ ಅಲೆಗ್ಸಾಂಡರ್ ಒಬ್ಬರು. ಟೆನೆಸ್ಸಿ ಎಲ್ಲಿದೆ ಎಂದು ಕೇಳಿದ ಜಪಾನಿ ಉದ್ಯಮಿಗಳಿಗೆ ಅವರು ರಾತ್ರಿಯ ಅಮೆರಿಕದ ಉಪಗ್ರಹ ಚಿತ್ರವೊಂದನ್ನು ತೋರಿಸಿ, ದೀಪಗಳು ಹೊಳೆಯುವ ಭಾಗದ ನಟ್ಟನಡುವೆ ಬೆರಳಿಡುತ್ತಿದ್ದರಂತೆ. ಗ್ರಾಹಕರ ಮಧ್ಯದಲ್ಲೇ ಇದೆ ನಮ್ಮ ರಾಜ್ಯ ಎಂಬ ಅರ್ಥ. 1980ರ ಅಕ್ಟೋಬರಿನಲ್ಲಿ ನಿಸ್ಸಾನ್ ಕಂಪನಿ ಟೆನೆಸ್ಸಿಯ ಸ್ಮರ್ನಾ ಪಟ್ಟಣವನ್ನು ಆರಿಸಿತು. 1983ರಲ್ಲಿ ಮೊದಲ ವಾಹನ ಹೊರಬಂತು. ಅದೇ ವರ್ಷ ನೆರೆಯ ಲಾ ವರ್ಜ್‌ನಲ್ಲಿದ್ದ ಟೈರ್ ಕಾರ್ಖಾನೆಯನ್ನು ಬ್ರಿಡ್ಜ್‌ಸ್ಟೋನ್ ಕೊಂಡಿತು. ದೊಡ್ಡ ಕಂಪನಿ ಬಂದರೆ ಬಿಡಿಭಾಗದವರು ಹಿಂದೆಯೇ ಬರುತ್ತಾರೆ ಎಂಬುದಕ್ಕೆ ಬಿಡದಿಯಲ್ಲಿ 1999ರಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಸುತ್ತಮುತ್ತಲನ್ನು ಕಂಡ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಗವರ್ನರುಗಳ ಪ್ರವಾಸವೇ ಎಲ್ಲವನ್ನೂ ಸಾಧಿಸಿತೆಂಬ ಭಾವನೆ ಬರುತ್ತದೆ. ಅದು ತಪ್ಪು. ಗವರ್ನರರ ಪ್ರವಾಸ ಒಂದು ವಾರದ್ದು. ಅವರು ವಿಮಾನ ಹತ್ತಿದ ಮೇಲೆ ಬರುವ ಮರುಪ್ರಶ್ನೆಗೆ ಅದೇ ಭಾಷೆಯಲ್ಲಿ, ಅದೇ ವಾರದಲ್ಲಿ ಉತ್ತರ ಕೊಡುವವರು ಅಲ್ಲಿರಬೇಕು. ಆಗ್ನೇಯ ರಾಜ್ಯಗಳು 1970ರ ದಶಕದ ಮಧ್ಯದಿಂದಲೇ ಜಪಾನಿ ಉದ್ಯಮಿಗಳೊಡನೆ ಸಂಯುಕ್ತ ಸಭೆಗಳನ್ನು ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ಎಂಬಂತೆ ನಡೆಸಿಕೊಂಡು ಬಂದಿವೆ. ಅದೇ ಮುಖಗಳು, ಅದೇ ಕುಶಲಪ್ರಶ್ನೆ. ಹೊರಗಿನವರಿಗೆ ಇದು ಬರೀ ಔತಣಕೂಟವಾಗಿ ಕಂಡೀತು. ಜಪಾನಿನ ವ್ಯವಹಾರದಲ್ಲಿ ಮುಖಪರಿಚಯದ ಬೆಲೆ ಬಲ್ಲವರು ಹಾಗೆನ್ನಲಾರರು.

ಈಗ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಪ್ರಸಂಗಕ್ಕೆ ಬರುತ್ತೇನೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ‘ಯೂನಿಟರಿ’ ತೆರಿಗೆ ಎಂಬ ಪದ್ಧತಿಯಿತ್ತು. ರಾಜ್ಯದೊಳಗೆ ಗಳಿಸಿದ ಲಾಭಕ್ಕೆ ಮಾತ್ರ ತೆರಿಗೆ ಹಾಕುವುದು ಸಾಮಾನ್ಯ ನ್ಯಾಯ. ಯೂನಿಟರಿ ಪದ್ಧತಿಯಲ್ಲಿ ಹಾಗಲ್ಲ. ಕಂಪನಿಯ ಇಡೀ ಜಾಗತಿಕ ಸಮೂಹದ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದರಲ್ಲಿ ಆಸ್ತಿ, ಸಂಬಳ ಮತ್ತು ಮಾರಾಟಗಳ ಎಷ್ಟು ಪಾಲು ಈ ರಾಜ್ಯದಲ್ಲಿದೆಯೋ ಅಷ್ಟು ಪಾಲು ಆದಾಯದ ಮೇಲೆ ತೆರಿಗೆ ವಿಧಿಸಲಾಗುತ್ತಿತ್ತು. ಅಂದರೆ ಒರೆಗಾನ್‌ನಲ್ಲಿ ಆಗಷ್ಟೇ ಕಣ್ಣು ಬಿಟ್ಟು ನಷ್ಟದಲ್ಲಿ ನಡೆಯುತ್ತಿರುವ ಘಟಕ, ಒಸಾಕಾದಲ್ಲಿ ಗಳಿಸಿದ ಲಾಭದ ಲೆಕ್ಕದಲ್ಲಿ ತೆರಿಗೆ ತೆರಬೇಕಾದೀತು. ಅದಕ್ಕೂ ಮಿಗಿಲಾಗಿ, ಪ್ರಪಂಚದಾದ್ಯಂತದ ಲೆಕ್ಕಪತ್ರಗಳನ್ನು ಅಮೆರಿಕದ ಒಂದು ರಾಜ್ಯದ ತೆರಿಗೆ ಅಧಿಕಾರಿಯ ಮುಂದೆ ಹರವಬೇಕು.

ಜಪಾನಿ ಉದ್ಯಮಿಗಳು ಇದನ್ನು ಅವಮಾನವೆಂದೇ ಬಗೆದರು. ಸೋನಿ ಸಂಸ್ಥೆಯ ಅಕಿಯೋ ಮೊರಿಟಾ ಬಹಿರಂಗವಾಗಿಯೇ ಇದರ ವಿರುದ್ಧ ಪ್ರಚಾರ ಕೈಗೊಂಡರು. ಹೂಡಿಕೆ ಕೇಳಲು ಹೋದ ರಾಜ್ಯಗಳವರಿಗೆ ಟೋಕಿಯೋದಲ್ಲಿ ಎಲ್ಲ ಬಾಗಿಲುಗಳಲ್ಲೂ ಇದೊಂದೇ ದೂರು. ಕಾನೂನಿನ ಬಲವಿದ್ದದ್ದು ರಾಜ್ಯಗಳ ಕಡೆಗೇ: 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ಯಾಲಿಫೋರ್ನಿಯಾದ ಈ ಪದ್ಧತಿಯನ್ನು ಎತ್ತಿಹಿಡಿದಿತ್ತು, ಮುಂದೆ 1994ರಲ್ಲಿ ವಿದೇಶಿ ಮೂಲದ ಕಂಪನಿಗಳ ವಿಷಯದಲ್ಲೂ ಎತ್ತಿಹಿಡಿಯಿತು. ಹಾಗಿದ್ದೂ ಒರೆಗಾನ್ ಗವರ್ನರ್ ವಿಕ್ಟರ್ ಅಟಿಯೆ 1984ರಲ್ಲಿ ಶಾಸನಸಭೆಯ ವಿಶೇಷ ಅಧಿವೇಶನ ಕರೆದು ಅದನ್ನು ಕೈಬಿಡಿಸಿದರು. ಅದೇ ವರ್ಷದ ಕೊನೆಗೆ ಫ್ಲಾರಿಡಾ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 1986ರಲ್ಲಿ ದೇಶದ ಗಡಿಯೊಳಗಿನ ಲೆಕ್ಕವನ್ನಷ್ಟೇ ಕೊಡುವ ಆಯ್ಕೆಯನ್ನು ಕಂಪನಿಗಳಿಗೆ ನೀಡಿತು. ಎಪ್ಸನ್, ಎನ್‌ಇಸಿ, ಫುಜಿತ್ಸು ಕಂಪನಿಗಳು ಆ ದಶಕದಲ್ಲೇ ಒರೆಗಾನ್‌ಗೆ ಬಂದವು.

ನ್ಯಾಯಾಲಯದಲ್ಲಿ ಗೆದ್ದ ತೆರಿಗೆಯನ್ನು ಶಾಸನಸಭೆಯಲ್ಲಿ ಬಿಟ್ಟುಕೊಟ್ಟದ್ದು ಏಕೆ? ಹೊರಗಿನವರ ದೂರು ತಿದ್ದಿ ತೀಡದ ರೂಪದಲ್ಲಿ ರಾಜಧಾನಿಯನ್ನು ತಲುಪಿತು, ತಲುಪಿದಾಗ ಕೇಳುವವರಿದ್ದರು. ಸಾಗರೋತ್ತರ ಕಚೇರಿಯ ನಿಜವಾದ ಉಪಯೋಗ ಇದೇ ಎಂದು ನನ್ನ ನಂಬಿಕೆ. ನಮ್ಮ ರಾಜ್ಯದ ಗುಣಗಾನವನ್ನು ಅಲ್ಲಿಯವರಿಗೆ ತಲುಪಿಸಲು ಬಣ್ಣದ ಪುಸ್ತಿಕೆಗಳು ಸಾಕು. ಅಲ್ಲಿಯವರು ನಮ್ಮ ಬಗ್ಗೆ ನಮ್ಮ ಬೆನ್ನ ಹಿಂದೆ ಆಡುವ ಮಾತನ್ನು ನಮಗೆ ತಲುಪಿಸಲು ಮನುಷ್ಯರೇ ಬೇಕು.

ಈ ಕೆಲಸದಿಂದ ಜಾರಿದ ಕಚೇರಿಗಳು ಎರಡು ದಾರಿಯಲ್ಲಿ ಕೆಟ್ಟಿವೆ. ಮೊದಲನೆಯದು ಹರಾಜಿನ ದಾರಿ. 1985ರ ಡಿಸೆಂಬರಿನಲ್ಲಿ ಟೊಯೋಟಾ ಕಂಪನಿ ಕೆಂಟಕಿಯ ಜಾರ್ಜ್‌ಟೌನನ್ನು ಆರಿಸಿದಾಗ ಗವರ್ನರ್ ಮಾರ್ಥಾ ಲೇನ್ ಕಾಲಿನ್ಸ್ ಅವರ ಸರ್ಕಾರ ಒಪ್ಪಿದ ಸವಲತ್ತುಗಳ ಮೊತ್ತ 15 ಕೋಟಿ ಡಾಲರಿಗೆ ಸಮೀಪವಿತ್ತು. ತೆರಿಗೆದಾರರ ಹಣವನ್ನು ಹೀಗೆ ಕೊಡಬಹುದೇ ಎಂಬ ಪ್ರಶ್ನೆ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 1987ರಲ್ಲಿ ಸರ್ಕಾರದ ಪರವಾಗಿ ತೀರ್ಮಾನವಾಯಿತು. 1988ರಿಂದ ಅಲ್ಲಿ ಕಾರುಗಳು ತಯಾರಾಗುತ್ತಿವೆ, ಕೆಂಟಕಿ ಕಳೆದುಕೊಂಡದ್ದೇನೂ ಇಲ್ಲವೆಂದು ಇಂದು ಬಹುಮಂದಿ ಹೇಳುವರು. ಆದರೆ ಅಂದಿನಿಂದ ಪ್ರತಿ ಕಂಪನಿಯೂ ನಾಲ್ಕು ರಾಜ್ಯಗಳ ಕಚೇರಿಗಳಿಗೆ ಏಕಕಾಲಕ್ಕೆ ಪತ್ರ ಬರೆದು ಬೆಲೆ ಕೇಳುವ ಪದ್ಧತಿ ಬೇರೂರಿತು. ಕಚೇರಿಯವನ ಕೈಯಲ್ಲಿ ರಿಯಾಯಿತಿಯ ಪಟ್ಟಿಯೊಂದೇ ಇದ್ದರೆ ಅವನು ಆಡಬಲ್ಲ ಮಾತೂ ಅದೊಂದೇ. ನಮ್ಮ ಮತ್ತು ನೆರೆಯ ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳ ನಡುವಣ ಪೈಪೋಟಿಯನ್ನು ನೋಡುತ್ತಿರುವ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಹುಸಿ ಹೆಮ್ಮೆಯ ದಾರಿ. ಇದು ಇನ್ನೂ ಅಪಾಯಕರ. ಕ್ಯಾಲಿಫೋರ್ನಿಯಾ ಒಂದು ಕಾಲಕ್ಕೆ ಟೋಕಿಯೋ ಸೇರಿದಂತೆ ಹೊರದೇಶಗಳಲ್ಲಿ ಹನ್ನೆರಡು ವ್ಯಾಪಾರ ಕಚೇರಿಗಳನ್ನು ನಡೆಸುತ್ತಿತ್ತು. ಪ್ರತಿ ವರ್ಷ ಶಾಸನಸಭೆಗೆ ತಾವು ಕುದುರಿಸಿದ ವ್ಯವಹಾರಗಳ ಪಟ್ಟಿಯನ್ನು ಅವು ಒಪ್ಪಿಸಬೇಕಿತ್ತು. 2003ರಲ್ಲಿ ‘ಆರೆಂಜ್ ಕೌಂಟಿ ರಿಜಿಸ್ಟರ್’ ಪತ್ರಿಕೆ ಆ ಪಟ್ಟಿಯಲ್ಲಿದ್ದ ಕಂಪನಿಗಳನ್ನೇ ವಿಚಾರಿಸಿದಾಗ, ಹಲವರು ಈ ವ್ಯವಹಾರದಲ್ಲಿ ಕಚೇರಿಯ ಪಾತ್ರ ಅತ್ಯಲ್ಪ ಅಥವಾ ಏನೂ ಇರಲಿಲ್ಲವೆಂದು ಹೇಳಿಬಿಟ್ಟರು. ರಾಜ್ಯದ ಬೊಕ್ಕಸ ಭಾರೀ ಕೊರತೆಯಲ್ಲಿದ್ದ ವರ್ಷ ಅದು. ಕಚೇರಿಗಳಷ್ಟೇ ಅಲ್ಲ, ಅವುಗಳ ಮೇಲಿದ್ದ ಇಲಾಖೆಯೂ ರದ್ದಾಯಿತು. ದೇಶದ ಅತಿ ದೊಡ್ಡ ಆರ್ಥಿಕತೆಯುಳ್ಳ ರಾಜ್ಯಕ್ಕೆ ವಿದೇಶದಲ್ಲಿ ಒಂದೂ ಕಚೇರಿಯಿಲ್ಲದಂತಾಯಿತು. ಹತ್ತು ವರ್ಷಗಳ ಬಳಿಕ, 2013ರಲ್ಲಿ ಶಾಂಘೈನಲ್ಲಿ ಒಂದು ಕಚೇರಿ ತೆರೆದಾಗ ಅದರ ಖರ್ಚನ್ನು ಹೊರಲು ಖಾಸಗಿ ಉದ್ಯಮಿಗಳ ಸಂಘಟನೆಯನ್ನೇ ಆಶ್ರಯಿಸಬೇಕಾಯಿತು.

ಆ ಹನ್ನೆರಡು ಕಚೇರಿಗಳಲ್ಲಿ ಪ್ರಾಮಾಣಿಕವಾಗಿ ದುಡಿದವರು ಇರಲಿಲ್ಲವೆಂದು ಭಾವಿಸಲು ಕಾರಣವಿಲ್ಲ. ಆದರೆ ಅವರ ನಿಜವಾದ ಕೆಲಸಕ್ಕೆ ಅಂಕಿಯಿರಲಿಲ್ಲ. ರಫ್ತುದಾರನೊಬ್ಬನಿಗೆ ಸರಿಯಾದ ಆಮದುದಾರನ ವಿಳಾಸ ಕೊಟ್ಟದ್ದು, ತಪ್ಪು ಪಾಲುದಾರನ ಸಹವಾಸದಿಂದ ತಪ್ಪಿಸಿದ್ದು, ಇವುಗಳನ್ನು ಎಷ್ಟು ಡಾಲರೆಂದು ಬರೆಯುವುದು? ಅಂಕಿ ಕೇಳಿದವರಿಗೆ ಅಂಕಿ ಕೊಟ್ಟರು. ಕೊಟ್ಟ ಅಂಕಿಯೇ ಉರುಳಾಯಿತು. ಸಹಿಯಾದ ಒಡಂಬಡಿಕೆಗಳ ಮೊತ್ತವನ್ನು ತಲೆಬರಹವಾಗಿ ಓದಿ ಸಂತೋಷಪಡುವ ನಮಗೂ ಇದರಲ್ಲಿ ಪಾಠವಿದೆ.

ಕಚೇರಿಗಳ ಮಿತಿಯನ್ನೂ ಹೇಳಬೇಕು. ಜಪಾನಿನ ಸಸ್ಯರೋಗ ನಿಯಮಗಳಿಂದಾಗಿ ವಾಷಿಂಗ್ಟನ್ ರಾಜ್ಯದ ಸೇಬು 1995ರವರೆಗೆ ಆ ಮಾರುಕಟ್ಟೆಯನ್ನು ಪ್ರವೇಶಿಸಲಾಗಲಿಲ್ಲ. ಪ್ರವೇಶಿಸಿದ ಮೇಲೂ ಬೆಂಕಿರೋಗವೆಂಬ ಸೇಬಿನ ಕಾಯಿಲೆಯ ಹೆಸರಿನಲ್ಲಿದ್ದ ಕಟ್ಟುಪಾಡುಗಳನ್ನು ಸಡಿಲಿಸಲು ಕೇಂದ್ರ ಸರ್ಕಾರವೇ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿ 2003 ಮತ್ತು 2005ರಲ್ಲಿ ಗೆಲ್ಲಬೇಕಾಯಿತು. ಸುಂಕವೂ ಅಷ್ಟೇ. 2025ರ ಜುಲೈನಲ್ಲಿ ಜಪಾನಿ ಸರಕಿಗೆ ಶೇಕಡ 15ರ ಸುಂಕ, ಪ್ರತಿಯಾಗಿ 55,000 ಕೋಟಿ ಡಾಲರ್ ಹೂಡಿಕೆ ಎಂಬ ಒಪ್ಪಂದ ಪ್ರಕಟವಾದದ್ದು ಎರಡು ರಾಜಧಾನಿಗಳ ನಡುವೆ. ಅಲ್ಲಿ ರಾಜ್ಯಗಳ ಕಚೇರಿಗೆ ಕುರ್ಚಿಯಿಲ್ಲ. ಆದರೆ ರಾಜಧಾನಿಗಳು ಮುನಿಸಿಕೊಂಡ ದಿನಗಳಲ್ಲಿ ಸ್ಥಳೀಯ ಬಾಂಧವ್ಯ ಉಳಿದುಕೊಳ್ಳುತ್ತದೆ ಎಂಬುದೂ ಅಷ್ಟೇ ನಿಜ. 1959ರಲ್ಲಿ ಚಂಡಮಾರುತಗಳಿಂದ ಜರ್ಜರಿತವಾಗಿದ್ದ ಯಮಾನಾಶಿ ಪ್ರಾಂತಕ್ಕೆ ಮರುವರ್ಷ ಅಯೋವಾ ರಾಜ್ಯದ ರೈತರು ವಿಮಾನದಲ್ಲಿ ತಳಿಯ ಹಂದಿಗಳನ್ನೂ, ಹಿಂದೆಯೇ ಅವಕ್ಕೆ ಬೇಕಾದ ಮೆಕ್ಕೆಜೋಳವನ್ನೂ ಕಳುಹಿಸಿದರು. ಆಗ ಏರ್ಪಟ್ಟ ಸೋದರ ಸಂಬಂಧ ಕಾರಿನ ಜಗಳ, ಉಕ್ಕಿನ ಜಗಳಗಳನ್ನೆಲ್ಲ ದಾಟಿ ಬಂದಿದೆ. ಆ ಹಂದಿಗಳನ್ನು ಕಳುಹಿಸಿದವರು ಹೂಡಿಕೆಯ ಲೆಕ್ಕ ಹಾಕಿರಲಿಲ್ಲ.

ಈಗ ನಮ್ಮ ಮನೆಯ ಮಾತು. ಸಾಗರೋತ್ತರ ಕಚೇರಿ ಈ ನಾಡಿಗೆ ಹೊಸದೇನಲ್ಲ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ನಮ್ಮ ಶ್ರೀಗಂಧದ ಕೊರಡು ಬಂದರಿನಲ್ಲೇ ಉಳಿಯುವ ಸ್ಥಿತಿ ಬಂದಾಗ ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆ ತೆಗೆಯಲು ಆರಂಭಿಸಿತು; ಮುಂದೆ ಲಂಡನ್ನಿನಲ್ಲಿ ಸಂಸ್ಥಾನದ ಟ್ರೇಡ್ ಕಮಿಷನರ್ ಕಚೇರಿಯನ್ನೇ ಇಟ್ಟುಕೊಂಡಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಜಪಾನನ್ನು 1898ರಷ್ಟು ಹಿಂದೆಯೇ ಕಂಡು ಬಂದಿದ್ದರು. ಇತ್ತ ಜರ್ಮನಿಯ ಬವೇರಿಯ ರಾಜ್ಯ ಎರಡು ದಶಕಗಳಿಗೂ ಮೀರಿ ಬೆಂಗಳೂರಿನಲ್ಲಿ ತನ್ನ ಕಚೇರಿ ನಡೆಸಿಕೊಂಡು ಬಂದಿದೆ. ಅವರು ಇಲ್ಲಿ ಕುಳಿತು ನಮ್ಮಿಂದ ಕಲಿಯುತ್ತಿರುವುದನ್ನು ನಾವು ಅಲ್ಲಿ ಕುಳಿತು ಕಲಿಯಬಾರದೆಂದೇನಿಲ್ಲ.

ಸ್ವಂತ ಅನುಭವವೊಂದನ್ನು ಹೇಳಲು ಓದುಗರ ಅಪ್ಪಣೆ ಬೇಡುತ್ತೇನೆ. ಕೆಲವು ವರ್ಷಗಳ ಹಿಂದೆ ಪೀಣ್ಯದ ಬಿಡಿಭಾಗ ತಯಾರಕರ ನಿಯೋಗದೊಡನೆ ನಾನು ನಗೋಯಾಕ್ಕೆ ಹೋಗಿದ್ದೆ. ನಾಲ್ಕು ದಿನದಲ್ಲಿ ಅರವತ್ತು ವಿಸಿಟಿಂಗ್ ಕಾರ್ಡುಗಳ ವಿನಿಮಯವಾಯಿತು. ಊರಿಗೆ ಮರಳಿದ ತಿಂಗಳೊಳಗೆ ಅಲ್ಲಿನ ಒಬ್ಬ ಖರೀದಿದಾರರಿಂದ ಜಪಾನಿ ಭಾಷೆಯಲ್ಲಿ ಒಂದು ಪತ್ರ ಬಂತು. ಭಾಷಾಂತರ ಮಾಡಿಸಲು ಮೂರು ವಾರ ಹಿಡಿಯಿತು. ಕಳೆದ ಮೂರು ವರ್ಷಗಳಲ್ಲಿ ನಮ್ಮ ಘಟಕದಲ್ಲಿ ತಿರಸ್ಕೃತವಾದ ಭಾಗಗಳ ಸಂಖ್ಯೆ, ಅದಕ್ಕೆ ಕಾರಣ, ಕಾರಣಗಳನ್ನು ದಾಖಲಿಸುವ ಕ್ರಮ, ಇಷ್ಟನ್ನೇ ಅವರು ಕೇಳಿದ್ದರು. ಗುಣಮಟ್ಟದಲ್ಲಿ ಸಂಶಯಪಟ್ಟಿದ್ದಾರೆಂದು ತಿಳಿದು ನಾವು ತಿರಸ್ಕೃತ ಭಾಗಗಳೇ ಇಲ್ಲವೆಂಬಂತೆ ಉತ್ತರಿಸಿ, ಬೆಲೆಯನ್ನು ಶೇಕಡ ಐದರಷ್ಟು ಇಳಿಸಿ ಬರೆದೆವು. ಮರುಪತ್ರ ಬರಲಿಲ್ಲ. ತಪ್ಪುಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವಿದೆಯೇ ಎಂದಷ್ಟೇ ಅವರು ನೋಡುತ್ತಿದ್ದರೆಂದು ಬಹುಕಾಲದ ಮೇಲೆ ಜಪಾನಿನಲ್ಲಿ ದುಡಿದು ಬಂದ ಮಿತ್ರರೊಬ್ಬರು ತಿಳಿಸಿದರು. ನಮ್ಮಲ್ಲಿ ಆ ದಾಖಲೆ ಪುಸ್ತಕ ಇತ್ತು! ಅದನ್ನು ಕಪಾಟಿನಲ್ಲಿ ಬಚ್ಚಿಟ್ಟು ಸುಳ್ಳು ಬರೆದಿದ್ದೆವು. ಅಲ್ಲಿ ನಮ್ಮವರೊಬ್ಬರಿದ್ದು ಫೋನಿನಲ್ಲಿ ಎರಡು ಮಾತು ಹೇಳಿದ್ದರೆ ಸಾಕಿತ್ತು.

ಆದ್ದರಿಂದ ಕಚೇರಿ ಬೇಕೆಂಬವರ ಜೊತೆ ನಾನೂ ಇದ್ದೇನೆ. ಆದರೆ ಅದು ಚಿಕ್ಕದಾಗಿರಲಿ. ಇಬ್ಬರು ಮೂವರು ಸಾಕು. ಮುಖ್ಯಸ್ಥರು ಆ ದೇಶದ ಭಾಷೆ ಬಲ್ಲವರಾಗಿರಲಿ, ಐದು ವರ್ಷಕ್ಕೆ ಮೊದಲು ಅವರನ್ನು ವರ್ಗಾಯಿಸುವುದು ಬೇಡ. ಸಲಹೆಗಾರ ಸಂಸ್ಥೆಗೆ ಮಾಸಿಕ ಶುಲ್ಕ ಕೊಟ್ಟು ಪ್ರತಿನಿಧಿತ್ವ ಪಡೆಯುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳಲ್ಲಿದೆ, ಖರ್ಚೂ ಕಡಿಮೆ. ಆದರೆ ಹಲವರ ಪ್ರತಿನಿಧಿಯಾಗಿರುವ ಸಲಹೆಗಾರ ಅಪ್ರಿಯ ಸತ್ಯವನ್ನು ತನಗೆ ಹಣ ಕೊಡುವವರಿಗೆ ಬರೆಯುವನೆಂದು ನನಗೆ ಭರವಸೆಯಿಲ್ಲ. ಇಂತಿಷ್ಟು ಕೋಟಿಯ ಒಡಂಬಡಿಕೆ ತರಬೇಕೆಂಬ ಗುರಿಯನ್ನು ಕಚೇರಿಗೆ ಖಂಡಿತ ವಿಧಿಸಬಾರದು. ಬದಲಾಗಿ ಮೂರು ತಿಂಗಳಿಗೊಮ್ಮೆ ಅದು ಒಂದು ದೂರುಪಟ್ಟಿ ಕಳುಹಿಸಲಿ: ಈ ಅವಧಿಯಲ್ಲಿ ನಮ್ಮ ಬಾಗಿಲಿಗೆ ಬಂದು ಹಿಂದಿರುಗಿದವರು ಎಷ್ಟು, ಹಿಂದಿರುಗಿದ್ದೇಕೆ. ಕಂಪನಿಗಳ ಹೆಸರು ಬಿಟ್ಟು ಆ ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಅಚ್ಚು ಹಾಕಲಿ. ಮುಂದಿನ ತ್ರೈಮಾಸಿಕದಲ್ಲಿ ಸಂಬಂಧಪಟ್ಟ ಇಲಾಖೆ ಕೈಗೊಂಡ ಕ್ರಮವನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ.

ಖರ್ಚಿನ ಪ್ರಶ್ನೆ ಉಳಿಯಿತು. ಕಚೇರಿ ಪೂರ್ತಿಯಾಗಿ ಸರ್ಕಾರದ್ದಾದರೆ ಸರ್ಕಾರ ಬದಲಾದಾಗ, ಆಯವ್ಯಯ ಬಿಗಿಯಾದಾಗ ಮೊದಲು ಬೀಗ ಬೀಳುವುದು ಅದಕ್ಕೇ. ಮೂರನೆಯ ಒಂದು ಪಾಲನ್ನಾದರೂ ವಾಣಿಜ್ಯೋದ್ಯಮ ಸಂಸ್ಥೆಗಳು ಹೊರಬೇಕು. ಹೊತ್ತಾಗ ಮಾತ್ರ ಆ ದೂರುಪಟ್ಟಿಯನ್ನು ಕೇಳಿ ಪಡೆಯುವ ಹಕ್ಕು ನಮಗೆ ಬರುತ್ತದೆ. ಮುಂದಿನ ವಾರ್ಷಿಕ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಪದಾಧಿಕಾರಿಗಳನ್ನು ವಿನಂತಿಸುತ್ತೇನೆ. ಆ ಸಭೆಯಲ್ಲಿ ನನ್ನ ಘಟಕದ ಪಾಲಿನ ವಂತಿಗೆಯನ್ನು ಮೊದಲಿಗನಾಗಿ ಬರೆಸಲು ಸಿದ್ಧನಿದ್ದೇನೆ.